ಪ್ರೌಢಶಾಲಾ ಶಿಕ್ಷಕರಾಗುವವರಿಂದ ವಿಶ್ವವಿದ್ಯಾಲಯ ಏನು ಕೇಳುತ್ತದೆ, ಏಕೆ ಕೇಳುತ್ತದೆ

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದವರು ಶಾಲೆಯ ಮಕ್ಕಳಿಗೆ ದಶಮಾಂಶ ಸಂಖ್ಯೆಗಳನ್ನು ಹೇಳಿಕೊಡಲು ಮತ್ತೆ ಎರಡು ವರ್ಷ ಬಿ.ಎಡ್. ಓದಬೇಕೆಂದರೆ ಅನೇಕರಿಗೆ ಅದು ಅತಿಯೆನಿಸುತ್ತದೆ. ವಿಷಯ ಬಲ್ಲವರಿಗೆ ಕಲಿಸುವುದು ತಾನಾಗಿಯೇ ಬರುತ್ತದೆ, ಉಳಿದದ್ದೆಲ್ಲ ನೌಕರಿಗೆ ಬೇಕಾದ ಕಾಗದ ಎಂಬ ಮಾತು ಬಿ.ಎಡ್. ಓದುತ್ತಿರುವವರ ಬಾಯಲ್ಲಿಯೇ ಕೇಳಿಬರುವುದುಂಟು. ಪಠ್ಯಕ್ರಮದ ಪುಸ್ತಿಕೆಯನ್ನು ಕೈಗೆತ್ತಿಕೊಂಡರೆ ಆ ಮಾತಿಗೆ ಇನ್ನಷ್ಟು ಬಲ ಬರುತ್ತದೆ: ಶಿಕ್ಷಣದ ತಾತ್ವಿಕ ನೆಲೆಗಳು, ಕಲಿಕೆಯ ಮನೋವಿಜ್ಞಾನ, ಬೋಧನಶಾಸ್ತ್ರ, ಅಣುಬೋಧನೆ, ಪಾಠಯೋಜನೆ, ಶಾಲಾ ಇಂಟರ್ನ್‌ಶಿಪ್, ಕ್ರಿಯಾ ಸಂಶೋಧನೆ ಎಂದು ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಹೆಸರುಗಳು, ಪ್ರತಿಯೊಂದರ ಮುಂದೆ ಒಂದಿಷ್ಟು ಕ್ರೆಡಿಟ್ ಮತ್ತು ಅಂಕ. ಈ ಪಟ್ಟಿಯನ್ನು ಅರ್ಥ ಮಾಡಿಕೊಳ್ಳಲು ನನಗೆ ತೋಚುವ ಸುಲಭ ದಾರಿಯೆಂದರೆ, ಅದರಲ್ಲಿರುವ ಪ್ರತಿಯೊಂದು ಅಂಶವೂ ಇಲ್ಲದೆ ಹೋದರೆ ತರಗತಿಯಲ್ಲಿ ಏನು ಕೆಡುತ್ತದೆ ಎಂದು ಕೇಳಿಕೊಳ್ಳುವುದು.

ದಶಮಾಂಶದ ಪಾಠವನ್ನೇ ನೋಡೋಣ. 0.35 ಮತ್ತು 0.5, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಶಿಕ್ಷಕರು ಕೇಳುತ್ತಾರೆ. ಒಬ್ಬ ಹುಡುಗ 0.35 ಎನ್ನುತ್ತಾನೆ, ಮೂವತ್ತೈದು ಐದಕ್ಕಿಂತ ದೊಡ್ಡದಲ್ಲವೇ ಎಂಬುದು ಅವನ ಲೆಕ್ಕ. ಇನ್ನೊಬ್ಬ ಹುಡುಗಿ 0.5 ಎನ್ನುತ್ತಾಳೆ. ಉತ್ತರ ಸರಿಯಾಗಿರುವುದರಿಂದ ಶಿಕ್ಷಕರು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಆದರೆ ಆ ಹುಡುಗಿ ಯೋಚಿಸಿದ್ದು ಬೇರೆ ರೀತಿಯಲ್ಲಿರಬಹುದು: ನೂರನೆಯ ಭಾಗಗಳು ಹತ್ತನೆಯ ಭಾಗಗಳಿಗಿಂತ ಚಿಕ್ಕವು, ಆದ್ದರಿಂದ ಬಿಂದುವಿನ ನಂತರ ಅಂಕಿಗಳು ಹೆಚ್ಚಾದಷ್ಟೂ ಸಂಖ್ಯೆ ಚಿಕ್ಕದು. ಅವಳನ್ನು 0.4 ಮತ್ತು 0.73ರ ಬಗ್ಗೆ ಕೇಳಿದರೆ 0.4 ದೊಡ್ಡದೆಂದು ಅಷ್ಟೇ ಧೈರ್ಯದಿಂದ ಹೇಳುತ್ತಾಳೆ. ಮೊದಲ ಪ್ರಶ್ನೆ ಒಂದು ತಪ್ಪು ತಿಳಿವಳಿಕೆಯನ್ನು ಹೊರಗೆಳೆಯಿತು, ಇನ್ನೊಂದನ್ನು ಮುಚ್ಚಿಬಿಟ್ಟಿತು. ಎರಡೂ ಬಗೆಯ ಪ್ರಶ್ನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಬೇಕೆಂಬ ತಿಳಿವು ಎಂ.ಎಸ್ಸಿ. ಗಣಿತದ ಯಾವ ಪತ್ರಿಕೆಯಲ್ಲಿಯೂ ಇಲ್ಲ. ಮನೋವಿಜ್ಞಾನದ ಪುಸ್ತಕದಲ್ಲಿಯೂ ಅದು ಸಿಗುವುದಿಲ್ಲ, ಏಕೆಂದರೆ ಅದು ದಶಮಾಂಶಕ್ಕೆ ಮಾತ್ರ ಸಂಬಂಧಪಟ್ಟ ತಿಳಿವು.

ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇಂಥ ತಿಳಿವಿಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ವಿಷಯನಿಷ್ಠ ಬೋಧನ ಜ್ಞಾನ ಎನ್ನಬಹುದು. ವಿಷಯವನ್ನು ಬಲ್ಲವರ ಬಳಿ ಇರುವ ಜ್ಞಾನ ಒಂದು, ಬೋಧನೆಯ ಸಾಮಾನ್ಯ ತಂತ್ರಗಳ ಜ್ಞಾನ ಇನ್ನೊಂದು. ಇವೆರಡೂ ಕೂಡಿದಾಗ ಹುಟ್ಟುವ, ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ನಿಲ್ಲುತ್ತದೆ, ಯಾವುದು ದಾರಿ ತಪ್ಪಿಸುತ್ತದೆ ಎಂಬ ಮೂರನೆಯ ಜ್ಞಾನವೇ ಶಿಕ್ಷಕರ ಸ್ವಂತ ಆಸ್ತಿ ಎಂಬುದು ಅವರ ವಾದದ ತಿರುಳು. ಶಿಕ್ಷಕ ಶಿಕ್ಷಣದ ಕೋರ್ಸುಗಳಲ್ಲಿ ಜಗತ್ತಿನ ಎಲ್ಲೆಡೆ ಕಾಣುವ ನಾಲ್ಕು ಪಾಲುಗಳು, ಅಂದರೆ ಕಲಿಸಬೇಕಾದ ವಿಷಯ, ಶಿಕ್ಷಣದ ತಾತ್ವಿಕ ಹಾಗೂ ಮಾನಸಿಕ ನೆಲೆಗಳು, ಆಯಾ ವಿಷಯದ ಬೋಧನಶಾಸ್ತ್ರ ಮತ್ತು ಶಾಲೆಯಲ್ಲಿನ ಅಭ್ಯಾಸ, ಈ ಮೂರನೆಯ ಜ್ಞಾನವನ್ನು ಹುಟ್ಟಿಸುವ ಪ್ರಯತ್ನಗಳೇ. ದೇಶದಿಂದ ದೇಶಕ್ಕೆ ಬದಲಾಗುವುದು ಅವುಗಳ ಪ್ರಮಾಣ ಮತ್ತು ಅನುಕ್ರಮ.

ವಿಷಯದ ಪಾಲಿನಿಂದ ಆರಂಭಿಸೋಣ. ಭಾರತದಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ರೂಪಿಸಿದ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಎಡ್. ಸೇರಲು ವಿಜ್ಞಾನ, ಸಮಾಜ ವಿಜ್ಞಾನ, ಮಾನವಿಕ ಮುಂತಾದ ವಿಷಯಗಳ ಪದವಿಯಲ್ಲಿ ಇಲ್ಲವೇ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 50 ಅಂಕ ಇರಬೇಕು. ವಿಜ್ಞಾನ ಮತ್ತು ಗಣಿತದ ವಿಶೇಷ ಅಧ್ಯಯನವಿರುವ ಎಂಜಿನಿಯರಿಂಗ್ ಪದವೀಧರರಿಗೆ ಈ ಮಿತಿ ಶೇ. 55. ಮೀಸಲಾತಿಗೆ ಒಳಪಟ್ಟವರಿಗೆ ಸರ್ಕಾರದ ನಿಯಮದಂತೆ ಸಡಿಲಿಕೆ ಇರುತ್ತದೆ. ಇಲ್ಲಿ ವಿಷಯಜ್ಞಾನವನ್ನು ಕೋರ್ಸಿನ ಬಾಗಿಲಲ್ಲೇ ಅಳೆದು ಮುಗಿಸಲಾಗುತ್ತದೆ. ಫಿನ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ವಿಷಯ ಶಿಕ್ಷಕರು ಒಟ್ಟು 300 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿ ಪಡೆಯಬೇಕು. ಮೇಲಿನ ಮಾಧ್ಯಮಿಕ ಹಂತದಲ್ಲಿ ಕಲಿಸುವವರು ಮುಖ್ಯ ವಿಷಯದಲ್ಲಿ 120, ಎರಡನೆಯ ವಿಷಯದಲ್ಲಿ 60, ಶಿಕ್ಷಣಶಾಸ್ತ್ರದಲ್ಲಿ 60 ಕ್ರೆಡಿಟ್ ಗಳಿಸುತ್ತಾರೆ. ಯುರೋಪಿನ ಲೆಕ್ಕದಲ್ಲಿ 60 ಕ್ರೆಡಿಟ್ ಎಂದರೆ ಒಂದು ಇಡೀ ವರ್ಷದ ಓದು, ಒಂದು ಕ್ರೆಡಿಟ್ ಎಂದರೆ ಸುಮಾರು 25ರಿಂದ 30 ಗಂಟೆಗಳ ದುಡಿಮೆ. ನಮ್ಮಲ್ಲಿ ಕ್ರೆಡಿಟ್ ಎಂದರೆ ಸಾಮಾನ್ಯವಾಗಿ ವಾರಕ್ಕೊಂದು ಗಂಟೆಯ ತರಗತಿ, ಪ್ರಾಯೋಗಿಕವಾದರೆ ಎರಡು ಗಂಟೆ. ಆದ್ದರಿಂದ ಎರಡು ದೇಶಗಳ ಕ್ರೆಡಿಟ್ ಅಂಕಿಗಳನ್ನು ನೇರವಾಗಿ ಹೋಲಿಸಿದರೆ ಮೋಸಹೋಗುತ್ತೇವೆ. ಜರ್ಮನಿಯಲ್ಲಿಯೂ ಎರಡು ವಿಷಯಗಳ ಓದು ಸಾಮಾನ್ಯ ನಿಯಮ. ಒಬ್ಬ ಶಿಕ್ಷಕರು ಒಂದೇ ವಿಷಯಕ್ಕೆ ಅಂಟಿಕೊಂಡರೆ ಶಾಲೆಯ ವೇಳಾಪಟ್ಟಿ ತುಂಬುವುದಿಲ್ಲ ಎಂಬ ವ್ಯಾವಹಾರಿಕ ಕಾರಣ ಇದರ ಹಿಂದಿದೆ.

ಆದರೆ ವಿಷಯವನ್ನು ಎಷ್ಟು ಓದಿದ್ದಾರೆ ಎಂಬುದಕ್ಕಿಂತ ಯಾವ ಭಾಗವನ್ನು ಓದಿದ್ದಾರೆ ಎಂಬ ಪ್ರಶ್ನೆ ಹೆಚ್ಚು ತೊಡಕಿನದು. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲಿಯೇ ಇದನ್ನು ಗುರುತಿಸಿ ‘ಇಮ್ಮಡಿ ಬಿರುಕು’ ಎಂಬರ್ಥದ ಮಾತನ್ನಾಡಿದ್ದರು. ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿಗೆ ಅಲ್ಲಿನ ಗಣಿತ ತಾನು ಶಾಲೆಯಲ್ಲಿ ಕಲಿತದ್ದಕ್ಕೆ ಸಂಬಂಧವೇ ಇಲ್ಲದಂತೆ ಕಾಣುತ್ತದೆ. ಪದವಿ ಮುಗಿಸಿ ಶಿಕ್ಷಕನಾಗಿ ಶಾಲೆಗೆ ಮರಳಿದಾಗ, ಅಲ್ಲಿ ಕಲಿಸಬೇಕಾದದ್ದಕ್ಕೆ ವಿಶ್ವವಿದ್ಯಾಲಯದ ಗಣಿತ ಸಂಬಂಧವಿಲ್ಲದಂತೆ ಕಾಣುತ್ತದೆ. ಹೀಗಾಗಿ ಅವನು ತಾನು ಬಾಲ್ಯದಲ್ಲಿ ಕಲಿತ ರೀತಿಯಲ್ಲಿಯೇ ಕಲಿಸತೊಡಗುತ್ತಾನೆ. ಅಮೂರ್ತ ಬೀಜಗಣಿತದಲ್ಲಿ ಚಿನ್ನದ ಪದಕ ಪಡೆದವರೂ ಎರಡು ಋಣ ಸಂಖ್ಯೆಗಳ ಗುಣಲಬ್ಧ ಏಕೆ ಧನವಾಗುತ್ತದೆ ಎಂದು ಹದಿಮೂರು ವರ್ಷದ ಮಗು ಕೇಳಿದಾಗ ‘ಅದು ನಿಯಮ’ ಎಂದು ಹೇಳಿ ಸುಮ್ಮನಾಗಬಹುದು. ಪ್ರಶ್ನೆಗೆ ಉತ್ತರ ಅವರು ಓದಿದ್ದರಲ್ಲಿಯೇ ಇದೆ, ಆದರೆ ಅದನ್ನು ಶಾಲೆಯ ಮೆಟ್ಟಿಲಿಗೆ ಇಳಿಸಿ ನೋಡುವ ಸಂದರ್ಭ ಯಾರೂ ಒದಗಿಸಿಲ್ಲ. ಶಾಲಾ ಪಠ್ಯವಸ್ತುವನ್ನು ಹೊಸ ಕಣ್ಣಿನಿಂದ ಮತ್ತೆ ಓದಿಸುವ ‘ವಿಷಯದ ಅರಿವು’ ಎಂಬ ಪತ್ರಿಕೆಗಳು ಬಿ.ಎಡ್.ನಲ್ಲಿ ಇರುವುದು ಇದಕ್ಕಾಗಿ. ಪ್ರಶಿಕ್ಷಣಾರ್ಥಿಗಳು, ಅಂದರೆ ಬಿ.ಎಡ್. ಓದುತ್ತಿರುವವರು, ಅದನ್ನು ಹೈಸ್ಕೂಲು ಪಾಠದ ಪುನರಾವರ್ತನೆ ಎಂದು ಹಗುರವಾಗಿ ಕಾಣುವುದು ಸಾಮಾನ್ಯ. ಅದನ್ನು ಹಾಗೆಯೇ ಪಾಠ ಮಾಡುವ ಕಾಲೇಜುಗಳಲ್ಲಿ ಆ ತಾತ್ಸಾರ ನ್ಯಾಯವಾದದ್ದೂ ಹೌದು.

ತಾತ್ವಿಕ ನೆಲೆಗಳ ಪಾಲಿನ ಬಗ್ಗೆ ದೂರುಗಳು ಇನ್ನೂ ಹೆಚ್ಚು. ಮನೋವಿಜ್ಞಾನಿಗಳಲ್ಲಿ ಪಿಯಾಜೆ ಹೇಳಿದ ಹಂತಗಳು ನಾಲ್ಕು, ವೈಗಾಟ್‌ಸ್ಕಿ ಹೇಳಿದ ವಲಯ ಒಂದು ಎಂದು ಉರು ಹೊಡೆದು ಬರೆಯುವ ಪರೀಕ್ಷೆಯಾಗಿ ಇದು ಉಳಿದರೆ ಯಾರಿಗೂ ಪ್ರಯೋಜನವಿಲ್ಲ. ಆದರೂ ಈ ಪಾಲಿನಲ್ಲಿ ಒಂದು ಪತ್ರಿಕೆಯ ಪರವಾಗಿ ವಾದಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ: ‘ಪಠ್ಯಕ್ರಮದಾದ್ಯಂತ ಭಾಷೆ’. ಭಾಷೆ ಭಾಷಾ ಶಿಕ್ಷಕರ ಹೊಣೆಯಷ್ಟೇ ಅಲ್ಲ, ಗಣಿತ ಮತ್ತು ವಿಜ್ಞಾನದ ಶಿಕ್ಷಕರದೂ ಹೌದು ಎಂಬುದು ಇದರ ನಿಲುವು. ‘ಒಂದು ಸಂಖ್ಯೆಯ ಎರಡರಷ್ಟಕ್ಕಿಂತ ಮೂರು ಕಡಿಮೆ’ ಎಂಬುದನ್ನು ಬೀಜಗಣಿತದಲ್ಲಿ ಬರೆಯಿರಿ ಎಂದರೆ ಕನ್ನಡದಲ್ಲಿ ಓದುವ ಮಗು ಪದಗಳ ಹಿಂದೆಯೇ ಹೋಗಿ 2x − 3 ಎಂದು ಬರೆಯಬಹುದು. ಮೊದಲು ಸಂಖ್ಯೆ, ಆಮೇಲೆ ಎರಡರಷ್ಟು, ಕೊನೆಗೆ ಮೂರು ಕಡಿಮೆ. ಅದೇ ಲೆಕ್ಕವನ್ನು ‘ತ್ರೀ ಲೆಸ್ ದ್ಯಾನ್ ಟ್ವೈಸ್ ಎ ನಂಬರ್’ ಎಂದು ಇಂಗ್ಲಿಷಿನಲ್ಲಿ ಓದುವ ಮಗು ಪದಗಳ ಹಿಂದೆ ಹೋದರೆ 3 − 2x ಎಂಬ ತಪ್ಪಿಗೆ ಬಂದು ನಿಲ್ಲುತ್ತದೆ. ಲೆಕ್ಕ ತಪ್ಪಿದ್ದು ಗಣಿತದಲ್ಲಲ್ಲ, ವಾಕ್ಯದಲ್ಲಿ. ಇದನ್ನು ಕಾಣಲು ಬಾರದ ಶಿಕ್ಷಕರು ಅದೇ ಬಗೆಯ ಇನ್ನೂ ಇಪ್ಪತ್ತು ಲೆಕ್ಕಗಳನ್ನು ಮನೆಗೆಲಸವಾಗಿ ಕೊಡುತ್ತಾರೆ.

ಬೋಧನಶಾಸ್ತ್ರ, ಅಂದರೆ ಪ್ರಶಿಕ್ಷಣಾರ್ಥಿಗಳು ‘ನಿಮ್ಮ ಮೆಥಡ್ ಯಾವುದು’ ಎಂದು ಪರಸ್ಪರ ವಿಚಾರಿಸಿಕೊಳ್ಳುವಾಗ ಸೂಚಿಸುವ ಪಾಲು, ಕೋರ್ಸಿನ ನಡುಗಂಬ. ಇಲ್ಲಿ ಪಾಠಯೋಜನೆ, ಪಾಠೋಪಕರಣ, ಘಟಕ ಪರೀಕ್ಷೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಎಲ್ಲವೂ ಬರುತ್ತವೆ. ಪಾಠಯೋಜನೆಯನ್ನು ಹಂತಗಳಾಗಿ ಬರೆಯುವ ರೂಢಿ ಜರ್ಮನ್ ಚಿಂತಕ ಹರ್ಬಾರ್ಟ್‌ನ ಅನುಯಾಯಿಗಳಿಂದ ಬಂದದ್ದು. ಈಗ ನಮ್ಮಲ್ಲಿ ತೊಡಗಿಸುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಎಂಬ ಐದು ಹಂತಗಳ ‘5ಇ’ ಮಾದರಿ ಹೆಚ್ಚು ಬಳಕೆಯಲ್ಲಿದೆ. ಕಾಗದದ ಮೇಲಿನ ಕೋಷ್ಟಕ ಯಾವುದೇ ಇರಲಿ, ಗಮನಿಸಬೇಕಾದ್ದು ಕಲಿಕೆಯ ಉದ್ದೇಶವನ್ನು ಬರೆದಿರುವ ವಾಕ್ಯವನ್ನು. ‘ವಿದ್ಯಾರ್ಥಿಗಳು ದಶಮಾಂಶ ಸಂಖ್ಯೆಗಳ ಬಗ್ಗೆ ತಿಳಿಯುವರು’ ಎಂದು ಬರೆದರೆ ತಿಳಿದರೋ ಇಲ್ಲವೋ ಎಂದು ಪರಿಶೀಲಿಸಲು ಯಾವ ದಾರಿಯೂ ಇಲ್ಲ. ‘ಬಿಂದುವಿನ ನಂತರ ಬೇರೆ ಬೇರೆ ಸಂಖ್ಯೆಯ ಅಂಕಿಗಳಿರುವ ಎರಡು ದಶಮಾಂಶಗಳನ್ನು ಹೋಲಿಸಿ, ಸ್ಥಾನಬೆಲೆಯ ಆಧಾರದ ಮೇಲೆ ಕಾರಣ ಹೇಳುವರು’ ಎಂದು ಬರೆದರೆ ಪಾಠದ ಕೊನೆಯ ಐದು ನಿಮಿಷದಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬುದು ಆ ವಾಕ್ಯದಲ್ಲಿಯೇ ಸಿದ್ಧವಾಗಿರುತ್ತದೆ. ವಾಕ್ಯ ತಿದ್ದುವುದೆಂದರೆ ಪಾಠವನ್ನೇ ತಿದ್ದುವುದು.

ಯೋಜನೆಯಿಂದ ತರಗತಿಗೆ ನೇರವಾಗಿ ಜಿಗಿಸದೆ ನಡುವೆ ಇಟ್ಟಿರುವ ಮೆಟ್ಟಿಲು ಅಣುಬೋಧನೆ, ಅಂದರೆ ಸಹಪಾಠಿಗಳ ಮುಂದೆ ಕೆಲವೇ ನಿಮಿಷ ಪಾಠ ಮಾಡಿ ತಿದ್ದಿಕೊಳ್ಳುವ ಅಭ್ಯಾಸ. ಇದು 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಹೋದ್ಯೋಗಿಗಳ ಕೈಯಲ್ಲಿ ರೂಪುಗೊಂಡ ಪದ್ಧತಿ. ನಮ್ಮ ದೇಶದಲ್ಲಿ ಬಳಕೆಗೆ ಬಂದ ಮಾದರಿಯಲ್ಲಿ ಒಂದು ಸುತ್ತಿಗೆ 36 ನಿಮಿಷ: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮರು ಹಿಮ್ಮಾಹಿತಿ. ಒಂದು ಸುತ್ತಿನಲ್ಲಿ ಒಂದೇ ಕೌಶಲ, ಉದಾಹರಣೆಗೆ ಪ್ರಶ್ನಿಸುವುದು ಅಥವಾ ಕಪ್ಪುಹಲಗೆ ಬಳಸುವುದು. ಪ್ರಶ್ನಿಸುವ ಕೌಶಲದಲ್ಲಿ ಪ್ರಶ್ನೆಗಿಂತ ಅದರ ನಂತರದ ಮೌನ ಮುಖ್ಯ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವ ಮಕ್ಕಳ ಸಂಖ್ಯೆಯೂ ಹೆಚ್ಚುತ್ತದೆ ಎಂದು ಅಮೆರಿಕದ ಮೇರಿ ಬಡ್ ರೋ ತಮ್ಮ ಅಧ್ಯಯನಗಳಲ್ಲಿ ಕಂಡುಕೊಂಡರು. ಮೂರು ಸೆಕೆಂಡು ಎಂದರೆ ಓದುವಾಗ ಏನೂ ಅಲ್ಲ. ನಲವತ್ತು ಜೋಡಿ ಕಣ್ಣುಗಳ ಮುಂದೆ ನಿಂತವರಿಗೆ ಅದು ದೀರ್ಘಕಾಲ. ಅಣುಬೋಧನೆಯ ದೌರ್ಬಲ್ಯವೂ ಇಲ್ಲಿಯೇ ಇದೆ. ಮಕ್ಕಳ ಜಾಗದಲ್ಲಿ ಕುಳಿತವರು ಸಹಪಾಠಿಗಳಾಗಿರುವುದರಿಂದ ಗೆಳತಿಯ ಪಾಠ ಕೆಡದಿರಲಿ ಎಂದು ಪ್ರಶ್ನೆ ಮುಗಿಯುವ ಮೊದಲೇ ಸರಿಯುತ್ತರ ಕೊಟ್ಟುಬಿಡುತ್ತಾರೆ. ಅಂಥ ಸೌಜನ್ಯದ ತರಗತಿ ಮುಂದೆಂದೂ ಸಿಗುವುದಿಲ್ಲ.

ಶಾಲೆಯಲ್ಲಿನ ಅಭ್ಯಾಸಕ್ಕೆ ಬಂದರೆ ದೇಶಗಳ ನಡುವಿನ ಅಂತರ ಎದ್ದು ಕಾಣುತ್ತದೆ. ಭಾರತದ 2014ರ ನಿಯಮಾವಳಿ ಎರಡು ವರ್ಷಗಳಲ್ಲಿ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ವಿಧಿಸುತ್ತದೆ, ಮೊದಲ ವರ್ಷ 4, ಎರಡನೆಯ ವರ್ಷ 16. ಉಳಿದ ತರಗತಿಗಳಿಗೆ ಶೇ. 80 ಹಾಜರಾತಿ ಸಾಕು, ಇಂಟರ್ನ್‌ಶಿಪ್‌ಗೆ ಶೇ. 90 ಬೇಕು. ಇಂಗ್ಲೆಂಡಿನಲ್ಲಿ ಪದವಿಯ ನಂತರದ ಒಂದು ವರ್ಷದ ತರಬೇತಿಯಲ್ಲಿ ಕನಿಷ್ಠ 120 ದಿನಗಳನ್ನು ಶಾಲೆಯಲ್ಲಿ, ಅದೂ ಕನಿಷ್ಠ ಎರಡು ಶಾಲೆಗಳಲ್ಲಿ, ಕಳೆಯಬೇಕು. ಒಂದೇ ಶಾಲೆಯನ್ನು ಕಂಡವರು ಅದರ ಪದ್ಧತಿಗಳನ್ನೇ ಶಿಕ್ಷಣದ ಸ್ವರೂಪವೆಂದು ತಿಳಿದುಬಿಡುತ್ತಾರೆ ಎಂಬ ಆತಂಕ ಎರಡನೆಯ ಷರತ್ತಿನ ಹಿಂದಿದೆ. ಜಪಾನಿನಲ್ಲಿ ಬೋಧನಾಭ್ಯಾಸ ಸಾಮಾನ್ಯವಾಗಿ ಎರಡು ಮೂರು ವಾರಗಳಷ್ಟೇ. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಓದು ಮುಗಿದ ಮೇಲೆ, ರಾಜ್ಯಕ್ಕೆ ತಕ್ಕಂತೆ 12ರಿಂದ 24 ತಿಂಗಳ ಸಂಬಳಸಹಿತ ಪೂರ್ವಸಿದ್ಧತಾ ಸೇವೆ ಇರುತ್ತದೆ, ಅದರ ಕೊನೆಗೆ ಮತ್ತೊಂದು ಸರ್ಕಾರಿ ಪರೀಕ್ಷೆ. ಫಿನ್ಲೆಂಡಿನ ವಿಶ್ವವಿದ್ಯಾಲಯಗಳು ಇದಕ್ಕೆಂದೇ ತಮ್ಮದೇ ಅಭ್ಯಾಸ ಶಾಲೆಗಳನ್ನು ನಡೆಸುತ್ತವೆ.

ವಾರಗಳನ್ನು ಎಣಿಸುವುದು ಸುಲಭ, ಆ ವಾರಗಳಲ್ಲಿ ಏನು ನಡೆಯಿತೆಂದು ಅಳೆಯುವುದು ಕಷ್ಟ. ಅಮೆರಿಕದ ಸಮಾಜಶಾಸ್ತ್ರಜ್ಞ ಡಾನ್ ಲೋರ್ಟಿ 1975ರಲ್ಲಿ ಒಂದು ವಿಷಯವನ್ನು ನೆನಪಿಸಿದ್ದರು: ಶಾಲೆ ಮುಗಿಸುವ ಹೊತ್ತಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಸುಮಾರು 13,000 ಗಂಟೆ ಶಿಕ್ಷಕರನ್ನು ನೋಡಿರುತ್ತಾನೆ. ಬೇರೆ ಯಾವ ವೃತ್ತಿಗೂ ಇಂಥ ಪೂರ್ವದರ್ಶನ ಇಲ್ಲ. ಆದರೆ ಅವನು ನೋಡಿದ್ದು ರಂಗದ ಮೇಲಿನದನ್ನು ಮಾತ್ರ. ಶಿಕ್ಷಕರು ಆ ಉದಾಹರಣೆಯನ್ನು ಏಕೆ ಆರಿಸಿದರು, ಯಾವುದನ್ನು ಬಿಟ್ಟರು, ಯಾರ ಮುಖ ನೋಡಿ ಪಾಠದ ವೇಗ ತಗ್ಗಿಸಿದರು ಎಂಬುದು ಅವನಿಗೆ ಕಂಡಿಲ್ಲ. ಮಾರ್ಗದರ್ಶನವಿಲ್ಲದೆ ಇಪ್ಪತ್ತು ವಾರ ತರಗತಿಯಲ್ಲಿ ನಿಲ್ಲಿಸಿದರೆ ಅವನು ಮಾಡುವುದು ಆ 13,000 ಗಂಟೆಗಳ ಅನುಕರಣೆಯನ್ನೇ. ಆದ್ದರಿಂದಲೇ ಕೋರ್ಸುಗಳು ಮೊದಲು ವೀಕ್ಷಣೆ, ನಂತರ ಮಾರ್ಗದರ್ಶಕ ಶಿಕ್ಷಕರೊಂದಿಗೆ ಜಂಟಿ ಪಾಠ, ಆಮೇಲೆ ಸ್ವತಂತ್ರ ಪಾಠ ಎಂಬ ಕ್ರಮವನ್ನೂ, ಪ್ರತಿ ಪಾಠದ ನಂತರ ಚಿಂತನಶೀಲ ದಿನಚರಿಯನ್ನೂ ಕೇಳುತ್ತವೆ. ಹೊರೆಯೆನಿಸುವ ದಿನಚರಿಯ ಉದ್ದೇಶ ಇಷ್ಟೇ: ‘ಪಾಠ ಚೆನ್ನಾಗಿ ನಡೆಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂದು ಬರೆಯುವವರು ‘0.4 ದೊಡ್ಡದೆಂದ ಐವರಲ್ಲಿ ಮೂವರು ಅಳತೆಪಟ್ಟಿಯ ಮೇಲೆ ಗುರುತಿಸಿದ ನಂತರವೂ ಉತ್ತರ ಬದಲಿಸಲಿಲ್ಲ. ನಾಳೆ ಹತ್ತು ಹತ್ತರ ಚೌಕಜಾಲ ಬಳಸಬೇಕು’ ಎಂದು ಬರೆಯುವ ಹಂತಕ್ಕೆ ಬರಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿಯೂ ಇದೇ. ಪ್ರಶಿಕ್ಷಣಾರ್ಥಿಗಳು ಬಂದರೆಂದರೆ ರಜೆಯ ಮೇಲಿರುವ ಶಿಕ್ಷಕರ ಪೀರಿಯಡ್ ತುಂಬಲು ಜನ ಸಿಕ್ಕರೆಂದು ಭಾವಿಸುವ ಶಾಲೆಯಲ್ಲಿ ಹಾಜರಾತಿ ಶೇ. 90 ದಾಟಬಹುದು, ಕಲಿಕೆ ದಾಟುವುದಿಲ್ಲ.

ಇನ್ನು ಕೋರ್ಸಿನ ಅವಧಿ. ವಿಷಯ ಮತ್ತು ಬೋಧನೆಯನ್ನು ಒಂದರ ನಂತರ ಒಂದರಂತೆ ಓದಿಸುವುದೋ, ಆರಂಭದಿಂದಲೇ ಜೊತೆಯಾಗಿ ಓದಿಸುವುದೋ ಎಂಬ ಚರ್ಚೆ ಹಳೆಯದು. ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ನಾಲ್ಕು ವರ್ಷದ ಸಂಯೋಜಿತ ಕೋರ್ಸನ್ನು ಆಗಲೇ ಆರಂಭಿಸಿದ್ದವು. ದೇಶದ ಬಹುಪಾಲು ಕಾಲೇಜುಗಳು ಮಾತ್ರ ಪದವಿಯ ನಂತರದ ಒಂದು ವರ್ಷದ ಬಿ.ಎಡ್. ಅನ್ನೇ ಮುಂದುವರಿಸಿದವು, 2015ರಿಂದ ಅದು ಎರಡು ವರ್ಷವಾಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಈಗ ನಾಲ್ಕು ವರ್ಷದ ಸಂಯೋಜಿತ ಪದವಿಯನ್ನು 2030ರ ವೇಳೆಗೆ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸಬೇಕೆನ್ನುತ್ತದೆ, ಜೊತೆಗೆ ಮೂರು ವರ್ಷದ ಪದವೀಧರರಿಗೆ ಎರಡು ವರ್ಷದ, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ ಒಂದು ವರ್ಷದ ಬಿ.ಎಡ್. ಮಾದರಿಗಳನ್ನೂ ಸೂಚಿಸುತ್ತದೆ. ಸಂಯೋಜಿತ ಕೋರ್ಸಿನಲ್ಲಿ ಕ್ಲೈನ್ ಹೇಳಿದ ಬಿರುಕು ಕಿರಿದಾಗುವ ಸಾಧ್ಯತೆ ಹೆಚ್ಚು ನಿಜ. ಆದರೆ ಹದಿನೆಂಟನೆಯ ವಯಸ್ಸಿನಲ್ಲಿಯೇ ಶಿಕ್ಷಕನಾಗುವೆನೆಂದು ನಿರ್ಧರಿಸಬೇಕಾಗುತ್ತದೆ.

ಪದವಿ ಕೈಗೆ ಬಂದ ಮಾತ್ರಕ್ಕೆ ಕಲಿಸುವ ಅಧಿಕಾರ ಬಂತೆಂದಲ್ಲ ಎಂಬುದನ್ನೂ ಅಭ್ಯರ್ಥಿಗಳು ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯ ಕೊಡುವ ಪ್ರಮಾಣಪತ್ರ ಬೇರೆ, ಅರ್ಹ ಶಿಕ್ಷಕ ಎಂಬ ಸ್ಥಾನಮಾನ ಬೇರೆ, ಅದರ ಮೇಲೆ 2021ರಿಂದ ಎರಡು ವರ್ಷಗಳ ಆರಂಭಿಕ ಸೇವಾ ಅವಧಿ. ಜಪಾನಿನಲ್ಲಿ ಪರವಾನಗಿ ಪಡೆದವರು ಸರ್ಕಾರಿ ಶಾಲೆಗೆ ಸೇರಲು ಪ್ರತ್ಯೇಕ ನೇಮಕಾತಿ ಪರೀಕ್ಷೆ ಬರೆಯಬೇಕು, ನಮ್ಮಲ್ಲಿಯೂ ಬಿ.ಎಡ್. ಅರ್ಹತೆ ಕೊಡುತ್ತದೆ, ಹುದ್ದೆ ಕೊಡುವುದು ನೇಮಕಾತಿ ಪರೀಕ್ಷೆ. ಹಂತದ ಗಡಿಯೂ ಮುಖ್ಯ. ಬಿ.ಎಡ್. ರೂಪುಗೊಂಡಿರುವುದು ಆರನೆಯ ತರಗತಿಯಿಂದ ಮೇಲಿನವರಿಗಾಗಿ. ಪ್ರಾಥಮಿಕ ಹಂತದ ಶಿಕ್ಷಕರಾಗಲು ಅದು ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಹೆಚ್ಚಿನ ಪದವಿ ಇದ್ದವರು ಚಿಕ್ಕ ಮಕ್ಕಳಿಗೆ ಕಲಿಸಬಲ್ಲರು ಎಂಬ ಊಹೆ ಹೀಗೆ ಕಾನೂನಿನ ಮುಂದೆಯೂ ನಿಲ್ಲಲಿಲ್ಲ.

ಕೋರ್ಸು ಆರಿಸಿಕೊಳ್ಳುವವರು ಕಾಲೇಜಿನ ಕಟ್ಟಡ, ಫಲಿತಾಂಶದ ಶೇಕಡಾವಾರು ನೋಡುವುದು ವಾಡಿಕೆ. ಅದರ ಬದಲು ಹಿಂದಿನ ವರ್ಷದ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಣಾ ಪುಸ್ತಕವನ್ನು ಕೇಳಿ ಪಡೆದು, ವೀಕ್ಷಕರ ಷರಾ ಬರೆಯುವ ಅಂಕಣವನ್ನು ಓದುವುದು ಒಳ್ಳೆಯದು. ಪುಟದ ಮೇಲೆ ಪುಟ ‘ಉತ್ತಮ’, ‘ಧ್ವನಿ ಏರಿಸಿ’, ‘ಕಪ್ಪುಹಲಗೆ ಕೆಲಸ ಸುಧಾರಿಸಲಿ’ ಎಂದಿದ್ದರೆ ಅಲ್ಲಿ ಇಪ್ಪತ್ತು ವಾರಗಳನ್ನು ಎಣಿಸಿದ್ದಾರೆ. ‘ಹನ್ನೆರಡನೆಯ ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗಿ ಸರಿಯುತ್ತರ ಕೊಟ್ಟಳು, ಕಾರಣ ಕೇಳದೆ ಬಿಟ್ಟಿರಿ’ ಎಂಬಂಥ ಒಂದು ಸಾಲಾದರೂ ಸಿಕ್ಕರೆ, ಯಾರೋ ಒಬ್ಬರು ಆ ತರಗತಿಯ ಹಿಂದೆ ಕುಳಿತು ನಿಜವಾಗಿ ಪಾಠ ಕೇಳಿದ್ದಾರೆ.